ಬರ್ತೀನಿ ಅನ್ನದ ಕಂಪ್ಯೂಟರು

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತಾರೆ. ಈ ಮರ್ಯಾದೆ ಗೊತ್ತಿಲ್ಲದಿದ್ದದ್ದು ಹೊಸದುರ್ಗದ ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರಿಗೆ ಮಾತ್ರ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಮಲಗುತ್ತಿತ್ತು, ಮಲಗಿದ್ದು ಏಳುತ್ತಿರಲಿಲ್ಲ. ಒಳಗಿನ ಫ್ಯಾನು ಮಾತ್ರ ಗೊರಕೆ ಹೊಡೆಯುತ್ತಿತ್ತು.

ಕಾರಣ ನನಗೂ ಗೊತ್ತಿತ್ತು. ಅದರ ಮದರ್‌ಬೋರ್ಡಿಗೆ ವಯಸ್ಸಾಗಿದೆ. ಕರೆಂಟು ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ನೋಡಿಕೊಳ್ಳುವ ಫರ್ಮ್‌ವೇರ್ ಎಂಬ ಸಣ್ಣ ತಂತ್ರಾಂಶ ಅದರೊಳಗೇ ಕೂತಿದೆ. ಅದರ ಮೇಲೆ ನಾನು ಆಸೆಪಟ್ಟು ಹೊಚ್ಚಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದ್ದೆ. ಹೊಸದು ‘ಮಲಗು’ ಅಂದರೆ ಹಳೆಯದಕ್ಕೆ ತಿಳಿಯುತ್ತಿತ್ತು, ‘ಏಳು’ ಅಂದರೆ ತಿಳಿಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ನನಗೂ ಹಾಗೇ ಆಗುವುದರಿಂದ ಅದನ್ನು ಹೆಚ್ಚು ಬೈಯುತ್ತಿರಲಿಲ್ಲ.

ಬಾಗೂರಿನ ಅಣ್ಣತಮ್ಮಂದಿರು ತಂಗಿಯ ಲಗ್ನಪತ್ರಿಕೆ ಮಾಡಿಸಲು ಬಂದ ದಿನ ಮಾತ್ರ ಬೈದೆ. ಇಬ್ಬರೂ ಬೇರೆ ಬೇರೆ ಬೈಕಿನಲ್ಲಿ ಬಂದಿದ್ದರು. ಹೊಲ ಪಾಲಾದ ಮೇಲೆ ಮಾತು ನಿಂತಿತ್ತಂತೆ. ಒಂದೇ ಪತ್ರಿಕೆಯಲ್ಲಿ ಇಬ್ಬರ ಹೆಸರೂ ಇಲ್ಲದಿದ್ದರೆ ಹಸೆಮಣೆ ಏರುವುದಿಲ್ಲ ಅಂತ ಆ ತಂಗಿ ಹಟ ಹಿಡಿದಿದ್ದಳು.

ಲಗ್ನಪತ್ರಿಕೆಯಲ್ಲಿ ದೇವರುಗಳನ್ನು ಎಲ್ಲಿ ಕೂರಿಸಿದರೂ ಸುಮ್ಮನಿರುತ್ತಾರೆ. ಕಷ್ಟ ಬರುವುದು ಕೊನೆಯ ‘ಸುಖಾಗಮನ ಬಯಸುವವರು’ ಎಂಬಲ್ಲಿ. ಅಣ್ಣ, “ನಂದು ಮ್ಯಾಲೆ ದಪ್ಪಕ್ಷರದಾಗೆ ಇರ್ಲಿ, ಅವುಂದು ಕೆಳಗೆ ಎಲ್ಲಾದ್ರೂ ಹಾಕ್ರಿ” ಅಂದ. ತಮ್ಮ, “ಹಂಗಾದ್ರೆ ನಂದು ಬ್ಯಾಡವೇ ಬ್ಯಾಡ” ಅಂದ. ಇಬ್ಬರೂ ನನಗೇ ಹೇಳುತ್ತಿದ್ದರು, ಒಬ್ಬರಿಗೊಬ್ಬರು ಅಲ್ಲ. ಕೊನೆಗೂ ಅಣ್ಣನದು ಮೇಲೆ, ತಮ್ಮನದು ಕೆಳಗೆ, ಅಕ್ಷರ ಮಾತ್ರ ಒಂದೇ ಗಾತ್ರ ಅಂತ ರಾಜಿಯಾಯಿತು. ಆ ಖುಷಿಯಲ್ಲಿ ಸೇವ್ ಮಾಡುವುದನ್ನು ಮರೆತು ಟೀ ತರಿಸಿದೆ. ಟೀ ಮುಗಿಯುವಷ್ಟರಲ್ಲಿ ಪರದೆ ಕಪ್ಪಾಗಿತ್ತು.

“ಏನಾತ್ರಿ?” ಅಂದ ತಮ್ಮ.

“ಮಲಗೈತಪ್ಪ, ಏಳ್ತಾ ಇಲ್ಲ.”

ಮನಸ್ಸಿನಲ್ಲೇ ಬೈಯುತ್ತ ಪ್ಲಗ್ ಕಿತ್ತು ಮತ್ತೆ ಹಾಕಿದೆ. ಕಂಪ್ಯೂಟರು ಎದ್ದಿತು, ರಾಜಿ ಹೋಗಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಜಗಳ ಮೊದಲಿಂದ ಶುರುವಾದರೆ ಆ ಹುಡುಗಿಯ ಮದುವೆಯ ಗತಿಯೇನು? ಗಾಬರಿಯಲ್ಲಿ ಕಂಪ್ಯೂಟರಿನ ಪರವಾಗಿ ಮಾತಾಡತೊಡಗಿದೆ. “ಹಳೇದು, ಹೊಸದು, ಎರಡೂ ಸರಿಯಾಗೇ ಅವೆ. ಒಂದೇ ಡಬ್ಬಿಯೊಳಗೆ ಅವೆ. ಒಂದು ಹೇಳಿದ್ದು ಇನ್ನೊಂದಕ್ಕೆ ತಿಳಿಯಲ್ಲ, ಅಷ್ಟೆ.”

ಇಬ್ಬರೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೇವರಾಣೆಗೂ ನಾನು ಹೇಳಿದ್ದು ಕಂಪ್ಯೂಟರಿನ ಬಗ್ಗೆಯೇ.

ತಮ್ಮ ಕಿಸಕ್ಕನೆ ನಕ್ಕ. “ನೋಡಣ್ಣ, ನಮ್ ಕತೆನೇ ಹೇಳ್ತಾರೆ.”

ಅಣ್ಣ ನಗಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಒಂದೇ ಸಾಲಿನಾಗೆ ಹೊಡೀರಿ, ಅಕ್ಕಪಕ್ಕ. ಅದು ಮತ್ತೆ ಮಲಗಾದ್ರೊಳಗೆ ಮುಗಿಸ್ರಿ” ಅಂದ.

ಹೊರಡುವಾಗಲೂ ಬೈಕು ಎರಡೇ. ಆದರೆ ಮೆಟ್ಟಿಲಿಳಿಯುತ್ತ ಅಣ್ಣ ಇಬ್ಬರ ಪರವಾಗಿಯೂ “ಬರ್ತೀವ್ರಿ” ಅಂದ.

ಆಮೇಲೆ ಬೋರ್ಡಿಗೆ ಹೊಸ ಫರ್ಮ್‌ವೇರ್ ಹಾಕಿಸಿದೆ. ಈಗ ಕಂಪ್ಯೂಟರು ಮಲಗಿದರೂ ಕರೆದ ಕೂಡಲೇ ಏಳುತ್ತದೆ. ಆದರೂ ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡು ಕೂರುವ ಗಿರಾಕಿಗಳು ಬಂದರೆ, ಸೇವ್ ಒತ್ತಲು ನಾನೇನೂ ಅವಸರ ಮಾಡುವುದಿಲ್ಲ; ಪ್ಲಗ್ಗು ಕಾಲಿನ ಹತ್ತಿರವೇ ಇದೆ.