ಗಿಲಕಿಯ ಹೊಟ್ಟೆಯೊಳಗೆ

ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದಿದ್ದೆ. ಏನೋ ಸುಟ್ಟ ವಾಸನೆ ಬಂತು. ಮೋಟಾರಿನ ವೈರು ಸುಡುತ್ತಿದೆ ಎಂದುಕೊಂಡು ಮೆಷಿನ್ ನಿಲ್ಲಿಸಿ ನೋಡಿದರೆ, ಸುಟ್ಟಿದ್ದು ನನ್ನ ಬೆರಳು. ಬಲಗೈಯ ನಡುಬೆರಳ ತುದಿಯಲ್ಲಿ ಬಿಸಿ ಅರಗು ಅಂಟಿಕೊಂಡು ಚರ್ಮ ಬೆಳ್ಳಗಾಗಿತ್ತು. ನನಗೆ ಒಂದಿಷ್ಟೂ ನೋವಾಗಿರಲಿಲ್ಲ. ಭಯವಾಗಿದ್ದೇ ಅದಕ್ಕೆ.

ನಾನು ಕುದೂರಿನ ಕಡೆಯ ಹೊಲದ ಮನೆಯವಳು. ಮದುವೆಯಾಗಿ ಚನ್ನಪಟ್ಟಣಕ್ಕೆ ಬರುವವರೆಗೆ ಉಳಿ ಹಿಡಿದವಳಲ್ಲ. ಮರ ಕಡೆಯುವುದನ್ನು ಕಲಿಸಿದವರು ನನ್ನ ಅತ್ತೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಲೇತ್ ಮೆಷಿನ್ನುಗಳಿವೆ, ಒಂದು ಅವರದು, ಒಂದು ನನ್ನದು. ನಾವಿಬ್ಬರೂ ಮಾಡುವುದು ಹೆಚ್ಚಾಗಿ ಮಕ್ಕಳ ಗಿಲಕಿ. ಆಲೆ ಮರದ ತುಂಡನ್ನು ಬಟ್ಟಲಿನ ಹಾಗೆ ತೋಡಿ, ಒಳಗೆ ಕಾಳು ಹಾಕಿ, ಮುಚ್ಚಳ ಕೂರಿಸಿ, ಸಂದಿಗೆ ಅರಗು ಹಚ್ಚಿ, ತಾಳೆಗರಿ ಒತ್ತಿ ಹೊಳಪು ಕೊಡುವುದು. ಬಟ್ಟಲಿನ ಗೋಡೆ ದಪ್ಪವಾದರೆ ಸದ್ದು ಮಂಕು, ತೆಳುವಾದರೆ ಒಡೆಯುತ್ತದೆ. ಎಷ್ಟು ತೋಡಬೇಕು ಎನ್ನುವುದನ್ನು ಯಾವ ಅಳತೆಪಟ್ಟಿಯೂ ಹೇಳುವುದಿಲ್ಲ. ಮೆಷಿನ್ ನಿಲ್ಲಿಸಿ, ಒಳಗೆ ಬೆರಳಿಟ್ಟು ನೋಡಬೇಕು. ಆ ಬೆರಳೇ ಸತ್ತಂತಾದರೆ ನಾನು ಶೆಡ್ಡಿನಲ್ಲಿ ಕೂತು ಮಾಡುವುದಾದರೂ ಏನು?

ರಾಮನಗರದ ಡಾಕ್ಟರು ಕೈ ಹಿಡಿದು, ತಟ್ಟಿ, ಸೂಜಿ ಮುಟ್ಟಿಸಿ ನೋಡಿದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಸಣ್ಣ ಆಪರೇಷನ್, ಅವತ್ತೇ ಮನೆಗೆ ಹೋಗಬಹುದು ಎಂದರು. "ಮುಟ್ಟಿದ್ದು ಗೊತ್ತಾಗುತ್ತಾ ಸಾರ್?" ಎಂದು ಕೇಳಿದೆ. "ನರ ತುಂಬಾ ದಿನ ಒತ್ಕೊಂಡಿತ್ತಮ್ಮ. ಎಷ್ಟು ವಾಪಸ್ ಬರುತ್ತೆ ಅಂತ ಈಗ್ಲೇ ಹೇಳಕ್ಕಾಗಲ್ಲ" ಎಂದರು. ಅವರು ಸುಳ್ಳು ಹೇಳಲಿಲ್ಲವಲ್ಲ ಎಂದು ಇವತ್ತು ಗೌರವ ಅನಿಸುತ್ತದೆ. ಅವತ್ತು ಮಾತ್ರ ಆ ಮನುಷ್ಯನ ಮೇಲೆ ಕೆಟ್ಟ ಕೋಪ ಬಂದಿತ್ತು.

ಕೈ ಮಾತ್ರ ಜೋಮು ಹಿಡಿಸಿ ಕುಯ್ದರು. ಅರ್ಧ ಗಂಟೆಯೂ ಆಗಲಿಲ್ಲ. ಅಂಗೈಯಿಂದ ಮಣಿಕಟ್ಟು ದಾಟಿ ಬ್ಯಾಂಡೇಜು, ಬೆರಳ ತುದಿಗಳು ಮಾತ್ರ ಹೊರಗೆ. ಒಂದೂವರೆ ತಿಂಗಳು ಉಳಿ ಮುಟ್ಟಬಾರದು ಎಂದು ಕಟ್ಟಪ್ಪಣೆ. ಮನೆಗೆ ಬಂದ ಮೇಲೆ ಚಮಚದಲ್ಲಿ ಮುದ್ದೆ ತಿನ್ನುವ ಗತಿ ಬಂತು. ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದ ನನ್ನ ಗಂಡ ಅದನ್ನು ನೋಡಿ ಬಾಗಿಲಲ್ಲೇ ನಿಂತು ನಕ್ಕರು. ನಾನು ಎಡಗೈಯಲ್ಲೇ ಚಮಚ ಎಸೆದೆ. ಗುರಿ ತಪ್ಪಿತು.

ಅತ್ತೆ ದಿನಾ ಬೆಳಿಗ್ಗೆ ನನ್ನನ್ನು ಪರೀಕ್ಷೆಗೆ ಕೂರಿಸುತ್ತಿದ್ದರು. "ಕಣ್ಮುಚ್ಚು" ಎಂದು, ನನ್ನ ಬಲಗೈ ಬೆರಳುಗಳ ನಡುವೆ ನಾಲ್ಕು ಕಾಳು ಇಡುವರು. "ಹೇಳು, ರಾಗಿನೋ ಸಾಸಿವೆನೋ?" ನಾನು ತಿಕ್ಕಿ ತಿಕ್ಕಿ ನೋಡುತ್ತಿದ್ದೆ. ಬೆರಳಿಗೆ ಹತ್ತಿ ಸುತ್ತಿದಂತೆ ಇತ್ತು. ಬಾಯಿಗೆ ಬಂದಿದ್ದು ಹೇಳುತ್ತಿದ್ದೆ. ಸರಿಯೋ ತಪ್ಪೋ ಅವರು ಯಾವತ್ತೂ ಹೇಳಲಿಲ್ಲ. ಕಾಳನ್ನು ಡಬ್ಬಿಗೆ ಹಾಕಿ, "ತಾಯಿ ಕಬ್ಬಾಳಮ್ಮ ನೋಡ್ಕತಾಳೆ ಬುಡು" ಎಂದು ಶೆಡ್ಡಿಗೆ ಹೋಗುತ್ತಿದ್ದರು. ಅವರ ಮೆಷಿನ್ನಿನ ಸದ್ದು ಕೇಳುತ್ತಾ ಜಗಲಿಯ ಮೇಲೆ ಕೂತಿರುವುದು ಕೈ ನೋವಿಗಿಂತ ದೊಡ್ಡ ಶಿಕ್ಷೆಯಾಗಿತ್ತು.

ಮಗಳು ರಾಮನಗರದಲ್ಲಿ ಡಿಸೈನ್ ಓದುತ್ತಿದ್ದಳು. ನನ್ನ ಗೊಣಗಾಟ ತಡೆಯಲಾರದೆ ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ತಂದು ತೊಡೆಯ ಮೇಲಿಟ್ಟಳು. ಅವಳ ಕ್ಲಾಸಿನವರೆಲ್ಲ ಸೇರಿ ಕಂಪ್ಯೂಟರಿನೊಳಗಿನ ಒಂದು ಲೋಕದಲ್ಲಿ ಜಾಗ ಮಾಡಿಕೊಂಡಿದ್ದರು. ಬರೀ ಹಸಿರು ಬಯಲು. ಅಲ್ಲಿ ನಮ್ಮ ಬದಲು ಒಂದು ಸಣ್ಣ ಆಕೃತಿ ನಡೆದಾಡುತ್ತದೆ, ಯಾರು ಏನು ಬೇಕಾದರೂ ಕಟ್ಟಬಹುದು, ಬೇರೆಯವರು ಬಂದು ನೋಡಬಹುದು.

"ಅಲ್ಲೂ ಸೈಟ್ ಮಾಡವ್ರಾ?" ಎಂದೆ.

"ಅಮ್ಮ, ಸುಮ್ನೆ ಒಂದ್ ಗೆರೆ ಎಳಿ. ಗಿಲಕಿ ಅರ್ಧ ಕಾಣೋ ಹಾಗೆ, ಒಳಗಿನ್ ಗೆರೆ, ಹೊರಗಿನ್ ಗೆರೆ."

ಎಡಗೈಯಲ್ಲಿ ಮೌಸ್ ಹಿಡಿದು ಎಳೆದೆ. ನನ್ನ ಮೊದಲ ಗೆರೆ ಜಿಲೇಬಿಯ ಹಾಗಿತ್ತು. ನಾಲ್ಕು ದಿನ ಎಳೆದೆ, ಅಳಿಸಿದೆ, ಬೈದೆ. ಐದನೆಯ ದಿನ ಗಿಲಕಿಯ ಅರ್ಧ ಮೈ ಒಂದು ಗೆರೆಯಲ್ಲಿ ಬಂತು. ಮಗಳು ಒಂದು ಗುಂಡಿ ತೋರಿಸಿದಳು, ಒತ್ತಿದೆ. ಗೆರೆ ತನ್ನ ಸುತ್ತ ತಾನೇ ಒಂದು ಸುತ್ತು ತಿರುಗಿತು. ಗಿಲಕಿ ಎದ್ದು ನಿಂತಿತು.

ನಾನು ಬಾಯಿ ಬಿಟ್ಟುಕೊಂಡು ಕೂತೆ. ಇಪ್ಪತ್ತು ವರ್ಷದಿಂದ ನಾನು ಮಾಡುತ್ತಾ ಬಂದದ್ದು ಇದನ್ನೇ. ಉಳಿ ಎಳೆಯುವುದು ಒಂದು ಕಡೆಯ ಗೆರೆಯನ್ನು ಮಾತ್ರ, ಉಳಿದದ್ದನ್ನು ತಿರುಗುವ ಮರ ಮಾಡಿಕೊಳ್ಳುತ್ತದೆ. ಧೂಳು, ಸದ್ದು, ಮರದ ಹೊಟ್ಟಿನ ನಡುವೆ ಅದು ನನಗೆ ಹೊಳೆದೇ ಇರಲಿಲ್ಲ. ಬಟ್ಟೆ ಬಿಚ್ಚಿ ಮೂಳೆ ತೋರಿಸಿದಂತೆ ನನ್ನ ಕೆಲಸ ನನ್ನ ಮುಂದೆ ನಿಂತಿತ್ತು.

ಕಾಳು ಹಾಕಿ ಬಯಲಿನಲ್ಲಿ ಇಡಲು ಹೋದಾಗ, ಎಷ್ಟು ಗಾತ್ರ ಎಂದು ಆ ಲೋಕ ಕೇಳಿತು. ನಮ್ಮ ಶೆಡ್ಡಿನಲ್ಲಿ ಯಾರೂ ಇಂಚು ಎಂಬ ಮಾತನ್ನು ಬಾಯಲ್ಲಿ ಆಡುವುದಿಲ್ಲ. ಎರಡೂವರೆ ಎಂದರೆ ಎರಡೂವರೆ ಇಂಚು, ಕಾಲು ಎಂದರೆ ಕಾಲು ಇಂಚು, ಅಷ್ಟೇ. ಗಿಲಕಿಯ ತಲೆಗೆ ಎರಡೂವರೆ, ಕಾಳಿಗೆ ಕಾಲು ಎಂದು ಒತ್ತಿದೆ. ಪರದೆ ಪೂರ್ತಿ ಕತ್ತಲಾಯಿತು.

"ಕೆಟ್ಟೋಯ್ತು ಕಣೇ!" ಎಂದು ಕೂಗಿದೆ.

ಮಗಳು ಬಂದು ನೋಡಿ ಬಿದ್ದು ಬಿದ್ದು ನಕ್ಕಳು. ಆ ಲೋಕದ ಅಳತೆ ಮೀಟರಿನದಂತೆ. ಎರಡೂವರೆ ಮೀಟರಿನ ಗಿಲಕಿ ನಾನು ನಿಂತಿದ್ದ ಜಾಗದಲ್ಲೇ ಎದ್ದಿತ್ತು. ನನ್ನ ಆಕೃತಿ ಅದರ ಒಳಗೆ ಸಿಕ್ಕಿಕೊಂಡಿತ್ತು. ಸುತ್ತ ಬಿದ್ದಿದ್ದ ಕಾಳುಗಳು ತೆಂಗಿನಕಾಯಿಯಷ್ಟು ದಪ್ಪ.

"ಸರಿ ಮಾಡ್ಲಾ?" ಎಂದಳು.

"ಇರು" ಎಂದೆ. ಅವಳು ಗೋಡೆಯಲ್ಲಿ ಸಣ್ಣ ಕಿಂಡಿಗಳನ್ನು ಕೊರೆದಳು. ಬೆಳಕು ಒಳಗೆ ಬಂತು. ನಾನು ತಲೆಯೆತ್ತಿ ನೋಡಿದೆ. ಜಗಲಿಯ ಮೇಲೆ ಕೂತವಳು ಪರದೆಯ ಮುಂದೆ ನಿಜವಾಗಿಯೂ ಕತ್ತೆತ್ತಿದ್ದೆ, ಮಗಳು ಅದಕ್ಕೂ ನಕ್ಕಳು. ನಕ್ಕರೆ ನಗಲಿ. ಇಷ್ಟು ವರ್ಷ ಸಾವಿರಾರು ಗಿಲಕಿಗಳ ಬಾಯಿ ಮುಚ್ಚಿದ್ದೇನೆ, ಒಂದರ ಒಳಗೂ ಹೋಗಿರಲಿಲ್ಲ. ಅಂಗೈಯಲ್ಲಿ ಮುಚ್ಚಿ ಹಿಡಿಯುವ ವಸ್ತುವಿನ ಒಳಗೆ ಇಷ್ಟು ದೊಡ್ಡ ಆಕಾಶವಿದೆ ಎಂದು ಯಾರು ಎಣಿಸಿದ್ದರು?

ಒಳಗೋಡೆ ಮಾತ್ರ ಪ್ಲಾಸ್ಟಿಕ್ಕಿನಂತೆ ಬೋಳಾಗಿತ್ತು. ನಿಜವಾದ ಗಿಲಕಿಯ ಒಳಗಿನ ಫೋಟೋ ತೆಗೆದು ಗೋಡೆಗೆ ಹೊದಿಸಬಹುದು ಎಂದಳು ಮಗಳು. ಶೆಡ್ಡಿನ ಬುಟ್ಟಿಯಿಂದ ನಾನು ಮಾಡಿದ, ಹಿಡಿ ಸೀಳಿದ್ದ ಗಿಲಕಿಯೊಂದನ್ನು ತಂದೆವು. ಬಿಸಿ ಚಾಕುವಿನಲ್ಲಿ ಸಂದಿಯ ಅರಗು ಕರಗಿಸಿ ಮುಚ್ಚಳ ತೆಗೆದು, ಬಿಸಿಲಿನಲ್ಲಿ ಹಿಡಿದು, ಫೋನಿನಲ್ಲಿ ಫೋಟೋ ತೆಗೆದಳು. ಅದು ಗೋಡೆಗೆ ಬಂದಾಗ ನಾನು ಬೆಚ್ಚಿಬಿದ್ದೆ. ಕಲ್ಲುಗಣಿಯೊಂದರ ಒಳಗೆ ನಿಂತಂತಿತ್ತು. ಉಳಿ ಕೊರೆದ ಗೀರುಗಳು ಚರಂಡಿಗಳಾಗಿದ್ದವು. ಕಣ್ಣಿಗೆ ಕಾಣದ ಸಿಬರುಗಳು ಬೇಲಿಯ ಗೂಟಗಳಾಗಿ ಎದ್ದು ನಿಂತಿದ್ದವು.

"ಇದು ನಿಂದೇನಮ್ಮ" ಎಂದಳು ಮಗಳು ಮೆಲ್ಲಗೆ.

ಸಿಟ್ಟು ನೆತ್ತಿಗೇರಿತು. "ಗಿಲಕಿ ಒಳೀಕೆ ಯಾರ್ ಬಂದ್ ನೋಡ್ತಾರೆ?"

"ನಾವ್ ಬಂದಿದೀವಲ್ಲ."

ಅತ್ತೆ ಯಾವತ್ತೂ ಮುಚ್ಚಳ ಹಾಕುವ ಮೊದಲು ಒಳಗೂ ತಾಳೆಗರಿ ಒತ್ತುತ್ತಾರೆ. ಅರಗಿಲ್ಲ, ಬಣ್ಣವಿಲ್ಲ, ಬರೀ ಗರಿ. ನನಗೂ ಹಾಗೇ ಕಲಿಸಿದ್ದರು. ಮೊದಲ ವರ್ಷ ಮಾಡಿದೆ, ಆಮೇಲೆ ಬಿಟ್ಟೆ. ಮುಚ್ಚಿಹೋಗುವ ಜಾಗಕ್ಕೆ ಇಷ್ಟೊಂದು ಉಪಚಾರ ಯಾಕೆ, ಮುದುಕಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದುಕೊಂಡಿದ್ದೆ. ಅವರು ಹೇಳುತ್ತಲೇ ಇದ್ದರು, ನಾನು ಹೂಂ ಎನ್ನುತ್ತಲೇ ಇದ್ದೆ.

ಮಗಳು ಒಳಗೆ ಹೋಗಿ ಬೀರುವಿನಿಂದ ಒಂದು ಹಳೆಯ ಗಿಲಕಿ ತಂದಳು. ಅವಳು ಕೂಸಾಗಿದ್ದಾಗ ಅತ್ತೆ ಮಾಡಿಕೊಟ್ಟದ್ದು. ಬಣ್ಣ ಮಾಸಿತ್ತು, ಅವಳ ಹಾಲುಹಲ್ಲಿನ ಗುರುತುಗಳಿದ್ದವು. ಅದರ ಮುಚ್ಚಳವನ್ನೂ ಹಾಗೇ ತೆಗೆದು ಫೋಟೋ ಹಿಡಿದೆವು. ನನ್ನ ಗೋಡೆ ಹೋಗಿ ಅತ್ತೆಯ ಗೋಡೆ ಬಂತು.

ಕೆನೆಯ ಬಣ್ಣದ ಗೋಡೆ ಸುತ್ತಲೂ ಎದ್ದಿತ್ತು. ಒಂದು ಗೀರಿಲ್ಲ, ಒಂದು ಸಿಬರಿಲ್ಲ. ವರ್ಷಕ್ಕೊಂದರಂತೆ ಮರದೊಳಗೆ ಬೆಳೆದ ಬಳೆಗಳು ಒಂದರೊಳಗೊಂದು ಮೇಲಕ್ಕೆ ಹೋಗಿ ನೆತ್ತಿಯಲ್ಲಿ ಕೂಡಿದ್ದವು. ಕಿಂಡಿಯಿಂದ ಬಂದ ಬೆಳಕು ಎಲ್ಲೂ ತಡೆಯದೆ ಗೋಡೆಯುದ್ದಕ್ಕೂ ಸುತ್ತಿ ಬರುತ್ತಿತ್ತು. ಯಾರೂ ನೋಡುವುದಿಲ್ಲವೆಂದು ಗೊತ್ತಿದ್ದೂ ಒಬ್ಬ ಹೆಂಗಸು ಜೀವಮಾನವಿಡೀ ಇಂಥ ಕೋಣೆಗಳನ್ನು ಮಾಡಿ, ಬಾಗಿಲು ಮುಚ್ಚಿ, ಊರೂರಿಗೆ ಕಳಿಸಿದ್ದಾಳೆ. ನಾನು ಅವಳ ಪಕ್ಕದಲ್ಲೇ ಕೂತು ಅದನ್ನು ಕಾಣಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಕೈ ಮುಗಿಯಬೇಕೆನಿಸಿತು, ಆದರೆ ಒಂದು ಕೈಗೆ ಬ್ಯಾಂಡೇಜಿತ್ತು.

ಅತ್ತೆ ಶೆಡ್ಡಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಇಣುಕಿದರು. "ಇದ್ಯಾವ ಛತ್ರನಮ್ಮಿ?"

"ನೀವ್ ಮಾಡಿದ್ ಗಿಲಕಿ ಅತ್ತೆ. ಅದ್ರೊಳಗೆ ನಿಂತಿವ್ನಿ."

ಅವರು ಪರದೆಯ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದರು. ಮಗಳು ನೆಲವನ್ನು ಒಸಿ ವಾಲಿಸಿದಳು. ತೆಂಗಿನಕಾಯಿ ಗಾತ್ರದ ಕಾಳುಗಳು ಗೋಡೆಯಗುಂಟ ಎಲ್ಲೂ ತಡವರಿಸದೆ ಒಂದು ಸುತ್ತು ಓಡಿ ಬಂದವು.

"ನೋಡ್ದಾ? ಕಾಳ್ ಓಡಕ್ ದಾರಿ ಬ್ಯಾಡ್ವಾ? ಅದ್ಕೇ ಗರಿ ಒತ್ತು ಅನ್ನದು" ಎಂದರು. ಆಮೇಲೆ ಸ್ವರ ಇಳಿಸಿ, "ನಾನೂವೆ ಬೆರಳಲ್ಲೇ ನೋಡಿದ್ದು ಕಣಮ್ಮಿ. ಕಣ್ಣಲ್ಲಿ ಇವತ್ತೇ ನೋಡ್ತಾ ಇರದು" ಎಂದರು.

ಆ ಮಾತು ನನಗೆ ಎದೆಗೇ ತಾಗಿತು. ಅವರ ಬೆರಳಿಗೆ ಕಣ್ಣಿತ್ತು. ನನ್ನ ಬೆರಳಿಗೆ ಇದ್ದ ಕಣ್ಣೂ ಹೋಗಿತ್ತು. ಇಂಥ ಕೋಣೆಯೊಂದನ್ನು ನಾನೂ ಮಾಡಬೇಕು ಎಂಬ ಆಸೆ ಹುಟ್ಟಿದ್ದೇ ಅವತ್ತು, ಕೈಯಲ್ಲಿ ಆಗುತ್ತದೋ ಇಲ್ಲವೋ ಗೊತ್ತಿಲ್ಲದ ಹೊತ್ತಿನಲ್ಲಿ.

ಹೊಲಿಗೆ ಬಿಚ್ಚುವವರೆಗೂ, ಬಿಚ್ಚಿದ ಮೇಲೂ, ಆ ಬಯಲಿನಲ್ಲಿ ಗಿಲಕಿಗಳನ್ನು ಕಟ್ಟಿದೆ. ಅತ್ತೆಯ ಕೋಣೆಯ ಪಕ್ಕದಲ್ಲೇ ನನ್ನ ಕಲ್ಲುಗಣಿಯನ್ನೂ ಉಳಿಸಿದೆ. ಇದು ಮಗಳ ಹಟವಲ್ಲ, ನನ್ನದೇ. ಅವಳ ಕ್ಲಾಸಿನವರು ಬಂದರು, ಅವರ ಪರಿಚಯದವರು ಬಂದರು. ಯಾವುದೋ ಊರಿನ ಯಾರೋ ಒಬ್ಬರು ಅತ್ತೆಯ ಕೋಣೆಯಲ್ಲಿ ಅಲುಗಾಡದೆ ನಿಂತಿದ್ದು, ಹೋಗುವಾಗ ಇದು ಯಾವ ದೇವಸ್ಥಾನ ಎಂದು ಬರೆದು ಕೇಳಿದರು. ಮಗುವಿನ ಗಿಲಕಿ ಎಂದು ಮಗಳು ಬರೆದಳು. ಅವರು ತಿರುಗಿ ಒಳಗೆ ಹೋಗಿ ಇನ್ನೊಂದಿಷ್ಟು ಹೊತ್ತು ನಿಂತರು. ಅತ್ತೆಗೆ ಹೇಳಿದೆ. "ಅಯ್ಯೋ, ಪಾಪ" ಎಂದರು, ಯಾರಿಗೋ ಏನೋ.

ಬೆಳಗಿನ ಪರೀಕ್ಷೆ ನಡೆದೇ ಇತ್ತು. ರಾಗಿಯೋ ಸಾಸಿವೆಯೋ, ನಾನು ಹೇಳಿದ್ದೇ ಹೇಳುತ್ತಿದ್ದೆ.

ಏಳನೆಯ ವಾರ ಡಾಕ್ಟರು ಉಳಿ ಹಿಡಿಯಲು ಒಪ್ಪಿದರು. ಆಲೆ ಮರದ ತುಂಡು ಕೂರಿಸಿ ಮೆಷಿನ್ ಹಾಕಿದೆ. ಗೆರೆ ಕಣ್ಣೊಳಗಿತ್ತು. ಬಟ್ಟಲು ತೋಡಿ ಮೆಷಿನ್ ನಿಲ್ಲಿಸಿದೆ. ಪಕ್ಕದ ಮೆಷಿನ್ನೂ ನಿಂತಿತು. ಅತ್ತೆ ನನ್ನ ಕಡೆಗೆ ನೋಡುತ್ತಿಲ್ಲವೆಂಬಂತೆ ನೋಡುತ್ತಿದ್ದರು. ಕಣ್ಣು ಮುಚ್ಚಿ, ನಡುಬೆರಳನ್ನು ಒಳಗೆ ಇಳಿಸಿದೆ. ಮೊದಲ ಸುತ್ತಿಗೆ ಅದೇ ಹತ್ತಿ. ಎರಡನೆಯ ಸುತ್ತು ಒಸಿ ಒತ್ತಿ ಎಳೆದೆ.

"ಅಯ್ಯಯ್ಯೋ!" ಎಂದು ಕಿರುಚಿದೆ.

ಬೆರಳ ತುದಿಯಲ್ಲಿ ಕೂದಲಿಗಿಂತ ಸಣ್ಣ ಸಿಬರೊಂದು ನೆಟ್ಟಿತ್ತು. ಅರಗು ಸುಟ್ಟು ಬೆಳ್ಳಗಾಗಿದ್ದ ಅದೇ ಜಾಗ. ಉರಿಯುತ್ತಿತ್ತು, ಚೆನ್ನಾಗಿಯೇ ಉರಿಯುತ್ತಿತ್ತು. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ.

ಅತ್ತೆ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. "ಗರಿ ಒತ್ತು ಗರಿ ಒತ್ತು ಅಂತ ಎಷ್ಟ್ ವರ್ಸದಿಂದ ಬಡ್ಕತಾ ಇವ್ನಿ" ಎಂದು ಬೈಯುತ್ತಲೇ, ಸಿಬರು ತೆಗೆಯಲು ಸೆರಗಿನ ಪಿನ್ನು ಬಿಚ್ಚಿದರು. ಅವರ ಕಣ್ಣೂ ಒದ್ದೆಯಾಗಿತ್ತು.

"ಒಸಿ ಹೊತ್ತು ಇರ್ಲಿ ಅತ್ತೆ" ಎಂದೆ. "ಈಗ್ಲೇ ತೆಗೀಬ್ಯಾಡಿ."

ಅವರು ಪಿನ್ನು ಕೆಳಗಿಟ್ಟು, ತಾಳೆಗರಿಯೊಂದನ್ನು ಎತ್ತಿ ನನ್ನ ಎಡಗೈಗೆ ಕೊಟ್ಟರು.