ಗಬ್ಬೂರಿನಲ್ಲಿ ನಿಂತ ನಾಲ್ಕು ಗಾಲಿಯ ಗಾಡಿ

ದಾಂಡೇಲಿಗೆ ಹೋಗುವ ದಾರಿಯಲ್ಲಿ ಗಬ್ಬೂರ ಬೈಪಾಸಿನ ಗ್ಯಾರೇಜಿನ ಮುಂದೆ ಕೂತಿದ್ದೇನೆ. ದಾಂಡೇಲಿಯಲ್ಲಿ ಪ್ರವಾಸಿಗರನ್ನು ಕಾಡಿನ ದಾರಿಯಲ್ಲಿ ಸುತ್ತಾಡಿಸಲು ಮಗಳು ಸುಮಾ ಮತ್ತು ಅಳಿಯ ಇಲ್ಲಿ ಎಟಿವಿ ಎಂಬ ಒಂದು ಹಳೆಯ ಗಾಡಿ ಕೊಂಡರು. ಬೈಕಿನ ಹಾಗೆ ಹ್ಯಾಂಡಲ್ಲು, ಟ್ರ್ಯಾಕ್ಟರಿನ ಹಾಗೆ ದಪ್ಪ ಗಾಲಿ. ಸುಮಾ ಬಯಲಿನಲ್ಲಿ ಒಂದು ಸುತ್ತು ಹೊಡೆದಳು, ಚೆನ್ನಾಗಿಯೇ ಓಡಿತು. ಅಳಿಯ ಕಾಯಿ ಒಡೆದು, ಕುಂಕುಮ ಹಚ್ಚಿ, ದೃಷ್ಟಿ ತಾಗಬಾರದೆಂದು ಕರಿದಾರ ಕಟ್ಟಿ ಪೂಜೆ ಮಾಡಿದ. ಆಮೇಲೆ ದಾಂಡೇಲಿಗೆ ಒಯ್ಯಲು ಸುಮಾ ಅದನ್ನು ಟೆಂಪೋಕ್ಕೆ ಹತ್ತಿಸಲು ಹೋದರೆ ಇಂಜಿನ್ ಒದರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

"ಒಂದ ಸುತ್ತಿನ್ಯಾಗ ಕ್ಲಚ್ ಸುಟ್ಟಿ. ಇನ್ನ ನೀ ಇದಕ್ಕ ಕೈ ಹಚ್ಚಬ್ಯಾಡ," ಎಂದ ಅಳಿಯ.

ಗಾಡಿ ಓಡಿಸುವ ಆಸೆಯಿಂದಲೇ ಈ ಧಂದೆಗೆ ಇಳಿದವಳು ಸುಮಾ. ಮುಖ ಸಣ್ಣದಾಯಿತು.

ಮಿಸ್ತ್ರಿ ದಾದಾಪೀರ ಎಣ್ಣೆಯ ಮುಚ್ಚಳ ತೆಗೆದು ಮೂಸಿದ. "ಸುಟ್ಟ ವಾಸನಿ ಇಲ್ರಿ." ಇಂಜಿನ್ ಬಿಚ್ಚಲು ಪಾನಾ ಹಿಡಿದವನು ಮೊದಲು ಕ್ಲಚ್ ಲಿವರ್ ಅಲುಗಾಡಿಸಿ ನೋಡಿ ನಕ್ಕ.

"ಅಕ್ಕಾರು ಏನೂ ಮಾಡಿಲ್ರಿ. ಈ ದಾರ ನೋಡ್ರಿ, ಹ್ಯಾಂಡಲ್ಲು ಲಿವರು ಎರಡೂ ಕೂಡಿಸಿ ಬಿಗದು ಕಟ್ಯಾರ. ಕ್ಲಚ್ ಒತ್ತಿ ಹಿಡದಾಂಗ ಆಗೇತಿ. ಗಾಡಿ ಹೆಂಗ ಹೋಗಬೇಕ್ರಿ?"

ದಾರ ಕೊಯ್ದ. ಸುಮಾ ಗಂಡನ ಕಡೆ ನೋಡದೆ ಹತ್ತಿ ಕೂತು, ಹಲಗೆಯ ಮೇಲಿಂದ ಗಾಡಿಯನ್ನು ಸೀದಾ ಟೆಂಪೋಕ್ಕೆ ಏರಿಸಿದಳು.

ಅಳಿಯ ತುಂಡಾದ ದಾರ ಹಿಡಿದು ನನ್ನ ಹತ್ತಿರ ಬಂದ. "ಇದನ್ನ ಇನ್ನ ಎಲ್ಲಿ ಕಟ್ಟೂದ್ರಿ, ಅತ್ತಿ?"

"ನನ್ನೇನ ಕೇಳ್ತೀರಿ, ಗಾಡಿ ಓಡಸೂ ಆಕೀನ್ನ ಕೇಳ್ರಿ," ಎಂದೆ.