ನಿಲ್ಲಬಾರದ ಗಾಡಿ

ಹೋದ ತಿಂಗಳು ಕಲಬುರಗಿಯ ಗ್ಯಾರೇಜೊಂದರಲ್ಲಿ ನನ್ನ ಕಾರಿನ ಆಯಿಲ್ ಬದಲಿಸುತ್ತಿದ್ದರು. ಹಳೆಯ ಆಯಿಲ್ ಕೆಳಗಿಟ್ಟ ಡಬ್ಬಿಗೆ ಕರ್ರಗೆ ಸುರಿಯತೊಡಗಿದಾಗ ಆ ವಾಸನೆ ಬಂತು. ಸುಟ್ಟ ವಾಸನೆಯೂ ಅಲ್ಲ, ಪೂರಾ ಎಣ್ಣೆಯದೂ ಅಲ್ಲ. ಮೆಕ್ಯಾನಿಕ್ ಎರಡು ಫಿಲ್ಟರ್ ತಂದು ತೋರಿಸಿದ. ಒಂದು ಕಂಪನಿಯದು, ಇನ್ನೊಂದು ಅಗ್ಗದ್ದು. “ಎರಡೂ ಒಂದೇ ಅದಾವ್ರಿ ಮೇಡಂ, ಮ್ಯಾಲಿನ ಹೆಸರಷ್ಟೇ ಬ್ಯಾರೆ,” ಎಂದ. ನಾನು ಕಂಪನಿಯದನ್ನೇ ಕೈಗೆತ್ತಿಕೊಂಡೆ. ಆಳಂದದ ನಮ್ಮ ಓಣಿ ಕಣ್ಣ ಮುಂದೆ ಬಂದಿತ್ತು... ಗೋಣಿಚೀಲ ಹಾಸಿಕೊಂಡು ಬಿಳಿ ವ್ಯಾನಿನ ಕೆಳಗೆ ಅಂಗಾತ ಮಲಗಿದ ಒಬ್ಬ ಮನುಷ್ಯ. ಹೊರಗೆ ಚಾಚಿದ ಅವರ ಕಾಲುಗಳಷ್ಟೇ ಕಾಣುತ್ತಿದ್ದವು.

ಅವರು ನಮ್ಮ ಪಕ್ಕದ ಮನೆಯವರು. ನಾನೂ ನನ್ನ ತಮ್ಮನೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಊರ ಮಂದಿಗೆ ಅವರು ‘ಹೆಣದ ಗಾಡಿಯವ’. ಕಲಬುರಗಿಯ ದವಾಖಾನೆಗಳಲ್ಲಿ ತೀರಿಕೊಂಡವರನ್ನು ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ಮುಟ್ಟಿಸುವುದು ಅವರ ಕೆಲಸವಾಗಿತ್ತು. ಸ್ಟೇರಿಂಗಿನ ಮುಂದೆ ಪುಟ್ಟದೊಂದು ಬುದ್ಧನ ಚಿತ್ರ ಅಂಟಿಸಿದ್ದರು. ಹೆಂಡತಿ ಬಹಳ ಹಿಂದೆಯೇ ತೀರಿಹೋಗಿದ್ದರು. ಮನೆಯಲ್ಲಿ ಅವರು, ಅವರ ಮಗಳು, ಇಬ್ಬರೇ.

ಗಾಡಿಯನ್ನು ಮನೆ ಮುಂದೆ ನಿಲ್ಲಿಸಲು ಓಣಿಯವರು ಬಿಡುತ್ತಿರಲಿಲ್ಲ. ಹುಣಸೆ ಮರದಾಚೆ ಚರಂಡಿಯ ಪಕ್ಕ ನಿಲ್ಲಿಸಿ ನಡೆದು ಬರುತ್ತಿದ್ದರು. ಮದುವೆಗೆ, ತೊಟ್ಟಿಲಿಗೆ ಅವರನ್ನು ಯಾರೂ ಕರೆದದ್ದು ನನಗೆ ನೆನಪಿಲ್ಲ. ಯಾರಾದರೂ ಸತ್ತರೆ ಮಾತ್ರ ಮೊದಲ ಫೋನು ಅವರಿಗೇ. ನಮ್ಮವ್ವ ಒಬ್ಬಳು ಅವರನ್ನು ಕರೆದು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದಳು. ಅವಳಿಗೂ ಮೊದಮೊದಲು ಅಳುಕು ಇತ್ತು. ಯಾವಾಗ ಹೋಯಿತೋ ತಿಳಿಯದು.

ಅವರು ಪದೇ ಪದೇ ಆಯಿಲ್ ಬದಲಿಸುವುದನ್ನು ನೋಡಿ ಅವ್ವನೇ ಒಂದು ದಿನ ಕೇಳಿದಳು. ಆಗ ಮಣ್ಣೂರ ದಾರಿಯ ಕತೆ ಹೇಳಿದರು. ಬಾಣಂತಿತನದಲ್ಲಿ ಹೋದ ಒಬ್ಬ ಹೆಣ್ಣುಮಗಳನ್ನು ಕಡುಬೇಸಿಗೆಯಲ್ಲಿ ಅತ್ತ ಒಯ್ಯುತ್ತಿದ್ದರಂತೆ. ಸ್ವಲ್ಪ ದಿನದ ಹಿಂದಷ್ಟೇ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿ ಯಾವುದೋ ಡುಪ್ಲಿಕೇಟ್ ಫಿಲ್ಟರ್ ಹಾಕಿದ್ದರು. ಅದರ ರಬ್ಬರಿನ ಬಳೆ ಬಿಟ್ಟುಕೊಂಡಿತು. ದಾರಿಯುದ್ದಕ್ಕೂ ಆಯಿಲ್ ಸೋರಿ ಇಂಜಿನ್ ಹಿಡಿದುಕೊಂಡು ಗಾಡಿ ನಿಂತುಬಿಟ್ಟಿತು. ಸುತ್ತ ಒಂದು ಮರವೂ ಇಲ್ಲದ ಜಾಗ. ಹಾದುಹೋಗುವ ಟ್ರ್ಯಾಕ್ಟರಿನವರು ಒಳಗೆ ಏನಿದೆ ಎಂದು ತಿಳಿದೊಡನೆ ನಿಲ್ಲದೆ ಹೋದರು.

“ಬೈದಿದ್ದರ ಚಲೋ ಇತ್ತು ಅಕ್ಕಾರ,” ಎಂದರು ಕಾಕಾ. “ಆ ಹುಡುಗಿ ತಾಯಿ ಬೈಲಿಲ್ಲ. ಸೆರಗಿಲೆ ಮಗಳ ಮಾರಿ ಮ್ಯಾಲಿನ ನೊಣ ಹೊಡಕೋತ ಕುಂತಳು. ನನಗ ಕೇಳಿದ್ದು ಒಂದೇ ಮಾತು. ‘ಇನ್ನೂ ಎಷ್ಟ ದೂರ ಅದಪ್ಪಾ?’ ಅಂತ.”

ಹೊತ್ತು ಇಳಿದ ಮೇಲೆ ಊರಿನಿಂದ ಮಂದಿ ಹೊರಸು ತಂದು, ಹೆಣವನ್ನು ಅದರ ಮೇಲೆ ಮಲಗಿಸಿ ಹೊತ್ತೊಯ್ದರಂತೆ. ಆ ದಿನದಿಂದ ಕಾಕಾ ಗ್ಯಾರೇಜನ್ನು ನಂಬಲಿಲ್ಲ. ಗಾಡಿಯ ಪುಸ್ತಕ ಹೇಳಿದಷ್ಟು ಓಡುವ ತನಕ ಕಾಯಲೂ ಇಲ್ಲ. ಅದರ ಅರ್ಧಕ್ಕೇ ಆಯಿಲ್ ಚೆಲ್ಲಿ ಹೊಸದು ಹಾಕುತ್ತಿದ್ದರು. ನಮ್ಮ ಹಳ್ಳಿಗಳ ಧೂಳು, ಬಿಸಿಲು, ದವಾಖಾನೆಯ ಮುಂದೆ ಇಂಜಿನ್ ಚಾಲೂ ಇಟ್ಟು ಕಾಯುವ ಹೊತ್ತು, ಇವೆಲ್ಲ ಪುಸ್ತಕ ಬರೆದವರಿಗೆ ಗೊತ್ತಿಲ್ಲ ಎನ್ನುತ್ತಿದ್ದರು. ಅದು ತಿಳಿವಳಿಕೆಯೋ, ಬರೀ ಅಂಜಿಕೆಯೋ, ನನಗೆ ಇಂದಿಗೂ ಹೇಳಲಾಗದು. ಕಂಪನಿಯ ಫಿಲ್ಟರಿಗಾಗಿ ಕಲಬುರಗಿಯ ತನಕ ಹೋಗುತ್ತಿದ್ದರು. ಅಂಗಡಿಯವನು ಒಮ್ಮೆ ನಕ್ಕು, “ಹೆಣಕ್ಕೇನು ಅವಸರ ಇರ್ತದೋ ಮಾರಾಯಾ?” ಎಂದನಂತೆ. ಅದನ್ನು ಹೇಳುವಾಗ ಕಾಕಾ ನಗಲಿಲ್ಲ.

ಮಗಳಿಗೆ ಜೇವರ್ಗಿ ಕಡೆಯ ನೆಲೋಗಿಯಿಂದ ಸಂಬಂಧ ಬಂತು. ಅವರದೇ ಮಂದಿ, ಓದಿದವರು. ಹುಡುಗನಿಗೆ ನೌಕರಿ ಇತ್ತು. ಎಲ್ಲ ಒಪ್ಪಿಗೆಯಾದ ಮೇಲೆ ಹುಡುಗನ ಅಪ್ಪ ಕಾಕಾನನ್ನು ಹೊರಗೆ ಕರೆದು, ಮದುವೆಗೆ ಮೊದಲು ಆ ಗಾಡಿ ಕೊಟ್ಟುಬಿಡಬೇಕು, ಮತ್ತೆ ಆ ಕೆಲಸಕ್ಕೆ ಕೈ ಹಾಕಬಾರದು ಎಂದರು. ಕಾಕಾ ಅಲ್ಲೇ ಮಾತು ಕೊಟ್ಟರು. ಬಂದು ಅವ್ವನ ಮುಂದೆ, “ನನ್ನ ಮಗಳಿಗಿಂತ ಗಾಡಿ ದೊಡ್ಡದೇನ್ರಿ?” ಎಂದರು.

ಊರಿನಲ್ಲೇ ನಾಲ್ಕಾರು ಬಾಡಿಗೆ ಗಾಡಿ ಇಟ್ಟುಕೊಂಡವನೊಬ್ಬ ವ್ಯಾನು ಕೊಂಡ. ಕೀಲಿ ಕೊಡುವಾಗ ಕಾಕಾ ಆಯಿಲಿನ ವಿಷಯ ಹೇಳಿದರು. ಆತ, “ಗಾಡಿ ಕೊಟ್ಟ ಮ್ಯಾಲ ಅದರ ಚಿಂತಿ ಬಿಡ್ರಿ,” ಎಂದು ಹೊರಟುಹೋದ.

ಮದುವೆ ಚೆನ್ನಾಗಿಯೇ ಆಯಿತು. ಆಮೇಲೆ ಕಾಕಾನಿಗೆ ಡ್ರೈವರ್ ಕೆಲಸ ಸಿಗಲಿಲ್ಲ. ಶಾಲೆಯ ವ್ಯಾನು ನಡೆಸಲು ಹೋದರೆ, ಹೆಣ ಹೊತ್ತ ಕೈಯಲ್ಲಿ ಮಕ್ಕಳನ್ನು ಕಳಿಸುವುದಿಲ್ಲ ಎಂದು ತಂದೆತಾಯಿಗಳು ಜಗಳ ತೆಗೆದರು. ಕಡೆಗೆ ಒಂದು ದಾಲ್ ಮಿಲ್ಲಿನಲ್ಲಿ ಚೀಲ ಹೊರುವುದಕ್ಕೆ ಸೇರಿಕೊಂಡರು. ಸಂಜೆ ಮನೆಗೆ ಬಂದರೆ ರೆಪ್ಪೆಯ ತನಕ ತೊಗರಿಯ ಧೂಳು. ಕೆಮ್ಮು ಆಗಲೇ ಶುರುವಾಗಿತ್ತು.

ಮುಂದಿನ ವರ್ಷ ನಮ್ಮವ್ವ ಕಲಬುರಗಿಯ ದವಾಖಾನೆಯಲ್ಲಿ ತೀರಿಕೊಂಡಳು. ತಮ್ಮ ಫೋನು ಮಾಡಿ ಕರೆಸಿದ ಗಾಡಿ ಬಂದು ನಿಂತಾಗ ನೋಡಿದೆ. ಅದೇ ಬಿಳಿ ವ್ಯಾನು. ಬುದ್ಧನ ಚಿತ್ರ ಕಿತ್ತಿದ್ದರು, ಅಂಟಿನ ಗುರುತು ಉಳಿದಿತ್ತು. ಆಳಂದದ ದಾರಿಯಲ್ಲಿ ಅರ್ಧ ಬಂದಿರಬೇಕು, ಇಂಜಿನ್ನಿನೊಳಗೆ ಕಲ್ಲು ಕುಟ್ಟಿದ ಹಾಗೆ ಸಪ್ಪಳ ಶುರುವಾಯಿತು. ಸ್ಟೇರಿಂಗಿನ ಹಿಂದೆ ಕೆಂಪು ದೀಪ ಹತ್ತಿತು. “ಅದು ಹಂಗೇ ಹತ್ತತದರಿ,” ಎಂದ ಡ್ರೈವರ್. ಸ್ವಲ್ಪ ಹೊತ್ತಿಗೆ ಗಾಡಿ ಒಮ್ಮೆ ಜಗ್ಗಿ ನಿಂತುಬಿಟ್ಟಿತು.

ಮಧ್ಯಾಹ್ನದ ಬಿಸಿಲು. ಡ್ರೈವರ್ ಮಾಲೀಕನಿಗೆ ಫೋನು ಹಚ್ಚುತ್ತಲೇ ಇದ್ದ. ನಾನು ಅವ್ವನ ಪಕ್ಕ ಕೂತಿದ್ದೆ. ಅವಳ ಮುಖದ ಮೇಲೆ ನೊಣ ಕೂತಾಗ ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು... ಆ ಹೊತ್ತನ್ನು ಇದಕ್ಕಿಂತ ಹೆಚ್ಚು ಬರೆಯಲಾರೆ.

ಗಾಡಿ ನಿಂತದ್ದನ್ನು ತಮ್ಮ ಓಣಿಗೆ ಫೋನು ಮಾಡಿ ಹೇಳಿದ್ದ. ಕಾಕಾನಿಗೆ ಓಣಿಯವರು ಸುದ್ದಿ ಮುಟ್ಟಿಸಿದ್ದರು. ಮಿಲ್ಲಿನ ಗೂಡ್ಸ್ ಗಾಡಿ ಕೇಳಿ ತಂದು, ಮೈಮೇಲಿನ ಧೂಳು ಸಹ ಕೊಡವದೆ ಬಂದರು. ಬಂದವರೇ ವ್ಯಾನಿನ ಬಾನೆಟ್ ಎತ್ತಿ ಆಯಿಲ್ ನೋಡುವ ಕಡ್ಡಿ ತೆಗೆದರು. ತುದಿಯಲ್ಲಿ ಡಾಂಬರಿನಂಥದೊಂದು ಚೂರು ಮೆತ್ತಿತ್ತು, ಅಷ್ಟೇ. ಕಡ್ಡಿಯನ್ನು ಒರೆಸಿ ಇದ್ದಲ್ಲೇ ಇಟ್ಟರು.

“ಕಾಕಾ, ನೀವು ಮಾತು ಕೊಟ್ಟೀರಿ. ನೆಲೋಗಿಯವರಿಗೆ ತಿಳಿದರ?” ಎಂದ ತಮ್ಮ.

“ಅಕ್ಕಾರಿಗೆ ಬಿಸಿಲಾಗ ಬಿಡಂತಿಯೇನೋ?” ಎಂದರು ಕಾಕಾ. “ಕಾಲಿನ ಕಡಿ ನೀ ಹಿಡಿ. ಸಾವಕಾಶ.”

ಓಣಿಯವರೆಲ್ಲ ನೋಡುತ್ತಿರುವಾಗಲೇ ಅವರು ಅವ್ವನನ್ನು ಮನೆ ಬಾಗಿಲ ತನಕ ತಂದರು. ಆ ದಿನ ಗಾಡಿ ದೂರ ನಿಲ್ಲಿಸು ಎಂದು ಯಾರೂ ಹೇಳಲಿಲ್ಲ.

ಸುದ್ದಿ ನೆಲೋಗಿಗೆ ಹೋಗಲು ತಡವಾಗಲಿಲ್ಲ. ಮಗಳು ಆಗ ಬಸುರಿ. ಹೆರಿಗೆಗೆ ತವರಿಗೆ ಕಳಿಸಲಿಲ್ಲ, ಕೂಸು ಹುಟ್ಟಿದ್ದನ್ನೂ ಬೇರೆ ಯಾರೋ ಹೇಳಿದರು. ನಾನೂ ತಮ್ಮನೂ ಮಾತಾಡಲು ಹೋದೆವು. ಹುಡುಗನ ಅಪ್ಪ ಮರ್ಯಾದೆಯಿಂದ ಕೂರಿಸಿದರು. “ನಾವು ಶಕುನ ಗಿಕುನ ನಂಬೋ ಮಂದಿ ಅಲ್ರಿ,” ಎಂದರು. “ಆದ್ರ ಹಸುಗೂಸಿನ ಮನಿ. ಹೆಣ್ಮಕ್ಕಳು ಕೇಳಬೇಕಲ್ರಿ. ಮ್ಯಾಲ ಅವರು ಮಾತು ಮುರದಾರ.” ಮಗಳು ಬಾಗಿಲ ಹಿಂದೆ ನಿಂತಿದ್ದಳು. ಕಣ್ಣೆತ್ತಲಿಲ್ಲ.

ಹೋದ ಕೆಲಸ ಆಗಲಿಲ್ಲ ಎಂದು ಹೇಳಿದಾಗ ಕಾಕಾ ಕೇಳಿದ್ದು, ಕೂಸು ಯಾರ ಹಾಗಿದೆ ಎಂದು. ನಮಗೆ ತೋರಿಸಿರಲಿಲ್ಲ. “ನಿಮ್ಹಂಗೇ ಅದ ಕಾಕಾ,” ಎಂದೆ. ಅವರು ಬಹಳ ಹೊತ್ತು ತಲೆಯಾಡಿಸುತ್ತ ಕೂತಿದ್ದರು.

ಎರಡು ಚಳಿಗಾಲ ಕಳೆಯಲಿಲ್ಲ. ಕೆಮ್ಮು ಎದೆಗೆ ಇಳಿದು ಕಾಕಾ ಆಳಂದದಲ್ಲೇ ತೀರಿಹೋದರು. ಮಣ್ಣಿನ ದಿನ ಮಗಳನ್ನು ಕಳಿಸಿದರು. ಕೂಸನ್ನು ಕಳಿಸಲಿಲ್ಲ. ಅವಳು ಅಪ್ಪನ ಪಾದ ಹಿಡಿದು ಕೂತವಳು ಬಿಡಲೊಲ್ಲಳು. ಕೊನೆಗೆ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಬೇಕಾಯಿತು.

ಈಗ ನಾನೂ ಆಳಂದದಲ್ಲಿಲ್ಲ. ಗ್ಯಾರೇಜಿಗೆ ಹೋದ ದಿನದಿಂದ ಕಾಕಾ ತಲೆಯಿಂದ ಇಳಿಯಲಿಲ್ಲ. ಮೊನ್ನೆ ಜೇವರ್ಗಿಗೆ ಕೆಲಸದ ಮೇಲೆ ಹೋದವಳು ನೆಲೋಗಿಗೂ ಹೋದೆ. ಮಗಳು ಚಹಾ ಮಾಡಿಕೊಟ್ಟಳು. ಅವಳ ಹುಡುಗ ಶಾಲೆಗೆ ಹೋಗುವಷ್ಟು ದೊಡ್ಡವನಾಗಿದ್ದಾನೆ. ಅಗಲ ಹಣೆ, ಸ್ವಲ್ಪ ಓರೆ ನಗೆ. ಅಂದು ನಾನು ಹೇಳಿದ ಸುಳ್ಳು ನಿಜವಾಗಿತ್ತು.

“ಇವರ‍್ಯಾರಬೇ?” ಎಂದು ತಾಯಿಯನ್ನು ಕೇಳಿದ.

“ಆಳಂದದ ಅಜ್ಜನ ಮನಿ ಬಾಜೂಕಿನವರು.”

“ಆ ಅಜ್ಜ ಏನ್ ಮಾಡ್ತಿದ್ದ?”

ಒಳಗಿನ ಕೋಣೆಯಲ್ಲಿ ಅವಳ ಅತ್ತೆ ಅಕ್ಕಿ ಆರಿಸುತ್ತಿದ್ದರು. ಮೊರದ ಸಪ್ಪಳ ನಿಂತಿತು.

“ಡ್ರೈವರ್ ಇದ್ದ,” ಎಂದಳು ಅವಳು.

“ಬಸ್ಸಾ? ಲಾರೀನಾ?”

ಅವಳು ನನ್ನ ಮುಖ ನೋಡಿದಳು. ನಾನು ಲೋಟ ಕೆಳಗಿಟ್ಟೆ. “ಮಂದೀಗಿ ಅವರವರ ಮನಿಗಿ ಮುಟ್ಟಸ್ತಿದ್ದ,” ಎಂದಳು. ಹುಡುಗನಿಗೆ ಅಷ್ಟು ಸಾಕಾಯಿತು, ಆಡಲು ಹೊರಗೆ ಓಡಿದ. ಅವಳು ಬಾಗಿಲಿಗೆ ಬಂದು ನಿಂತು, ಅವನು ಕಣ್ಮರೆಯಾಗುವ ತನಕ ನೋಡುತ್ತಿದ್ದಳು.